‘ಶುಗರ್ ಲೋ ಆಯ್ತಾ?’ ಎಂಬ ಪ್ರಶ್ನೆ

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಗಳಿಂದ ಒಂದೇ ಬಗೆಯ ಜಗಳ ಮತ್ತೆ ಮತ್ತೆ ಬರುತ್ತದೆ. ಅದಕ್ಕಾಗಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಐವತ್ತು ದಾಟಿತ್ತು. ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಮುಂಚೆ ಮಿಶ್ರ ಇನ್ಸುಲಿನ್ (ಬೇಗ ಕೆಲಸ ಮಾಡುವುದೂ ನಿಧಾನವಾಗಿ ಕೆಲಸ ಮಾಡುವುದೂ ಸೇರಿದ್ದು) ಚುಚ್ಚಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ ಸಾಕು, ಸಣ್ಣ ಮಾತಿಗೂ ರೇಗುತ್ತಾರೆ ಎಂಬುದು ಪತ್ನಿಯ ದೂರು. ನನ್ನ ಬಳಿ ಆಪ್ತಸಲಹೆಗೆ ಇಬ್ಬರೂ ಸೇರಿಯೇ ಬಂದಿದ್ದರು.

ಮೂರನೆಯ ಭೇಟಿಯಲ್ಲಿ ಆಕೆ, “ಲೋ ಆದಾಗಲೇ ಇವರು ಹೀಗೆ ಆಡೋದು. ಚೆಕ್ ಮಾಡ್ಕೊಳ್ಳಿ ಅಂದ್ರೆ ಇನ್ನೂ ಜೋರು ಮಾಡ್ತಾರೆ” ಎಂದರು. ಆತ ಸ್ವಲ್ಪ ಹೊತ್ತು ನೆಲ ನೋಡುತ್ತಾ ಕುಳಿತು, ಆಮೇಲೆ ಹೇಳಿದರು: “ನನಗೆ ಶುಗರ್ ಬಂದಾಗಿನಿಂದ ಈ ಮನೇಲಿ ನನಗೆ ಸಿಟ್ಟು ಅನ್ನೋದೇ ಬಂದಿಲ್ಲ. ಬಂದಿದ್ದೆಲ್ಲ ಲೋ ಶುಗರ್. ದುಡ್ಡಿನ ಮಾತೆತ್ತಿದ್ರೂ ಲೋ ಶುಗರ್, ಮಗನ ಮಾತೆತ್ತಿದ್ರೂ ಲೋ ಶುಗರ್.”

“ಹಾಗಾದ್ರೆ ಮೊನ್ನೆ ತಟ್ಟೆ ತಳ್ಳಿದ್ದು?”

“ಯಾವ ತಟ್ಟೆ?”

ಆತ ನಟಿಸುತ್ತಿರಲಿಲ್ಲ. ಅವರಿಗೆ ಅದು ನಿಜಕ್ಕೂ ನೆನಪಿರಲಿಲ್ಲ. ಪತ್ನಿ ಹೇಳುವುದೂ ಸರಿ, ಪತಿ ಹೇಳುವುದೂ ಸರಿ ಎಂದು ಆ ಕ್ಷಣದಲ್ಲಿ ಮೂವರಿಗೂ ಗೊತ್ತಾಯಿತು. ಕೆಲವು ಸಂಜೆ ರೇಗುತ್ತಿದ್ದುದು ಗ್ಲೂಕೋಸ್ ಸಿಗದ ಮೆದುಳು. ಇನ್ನು ಕೆಲವು ಸಂಜೆ ಅವರಿಗೆ ಹೇಳಬೇಕಾದ ಮಾತೇ ಇತ್ತು, ಅದನ್ನು ಕೇಳುವವರು ಇರಲಿಲ್ಲ. ಎರಡನ್ನೂ ಕರೆಯಲು ಮನೆಯಲ್ಲಿದ್ದದ್ದು ಒಂದೇ ಹೆಸರು.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಲೋ. 54ಕ್ಕಿಂತ ಕೆಳಗಿಳಿದರೆ ಮೆದುಳಿನ ಕೆಲಸವೇ ಏರುಪೇರಾಗುತ್ತದೆ: ಹಟ, ಗೊಂದಲ, ತೊದಲು, ಆಮೇಲೆ ಮರೆವು. ಸಾಮಾನ್ಯವಾಗಿ ಅದಕ್ಕೂ ಮೊದಲೇ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ. ಆದರೆ ಪದೇ ಪದೇ ಲೋ ಆಗುತ್ತಿದ್ದರೆ ದೇಹ ಈ ಎಚ್ಚರಿಕೆಗಳನ್ನು ತಡವಾಗಿ ಕೊಡುತ್ತದೆ, ಕೆಲವೊಮ್ಮೆ ಕೊಡುವುದೇ ಇಲ್ಲ. ಇವರಿಗೆ ನಡುಕ ನಿಂತುಹೋಗಿತ್ತು. ಉಳಿದಿದ್ದ ಸೂಚನೆ ಸಿಡುಕೊಂದೇ, ಅದೂ ಕಾಣುತ್ತಿದ್ದುದು ಪತ್ನಿಗೆ. ಎರಡು ಮೂರು ವಾರ ಒಂದು ಸಲವೂ ಲೋ ಆಗದಂತೆ ನೋಡಿಕೊಂಡರೆ ಆ ಎಚ್ಚರಿಕೆಗಳು ಬಹಳಷ್ಟು ಮಟ್ಟಿಗೆ ಮರಳುತ್ತವೆ. ಇದನ್ನು ತಿಳಿದಾಗ ಆತ ಮೊದಲ ಬಾರಿಗೆ ನೆಟ್ಟಗೆ ಕುಳಿತು ಕೇಳಿದರು.

ಸಂಜೆಯೇ ಏಕೆ ಎಂಬುದಕ್ಕೂ ಕಾರಣ ಸಿಕ್ಕಿತು. ತೂಕ ಇಳಿಸಲೆಂದು ಮಧ್ಯಾಹ್ನದ ಊಟದಲ್ಲಿ ಧಾನ್ಯ ಬಿಟ್ಟು ಬರೀ ತರಕಾರಿ ತಿನ್ನುತ್ತಿದ್ದರು. ಸಂಜೆ 40 ನಿಮಿಷ ನಡೆದೇ ಮನೆಗೆ ಬರುತ್ತಿದ್ದರು. ಎರಡೂ ಒಳ್ಳೆಯ ಉದ್ದೇಶದ್ದೇ. ಆದರೆ ಬೆಳಿಗ್ಗೆಯ ಮಿಶ್ರ ಇನ್ಸುಲಿನ್‌ನಲ್ಲಿರುವ ನಿಧಾನದ ಭಾಗ ಚುಚ್ಚಿಕೊಂಡ ಮೇಲೆ ಸುಮಾರು 4ರಿಂದ 10 ಗಂಟೆಗಳ ನಡುವೆ ಜೋರಾಗಿ ಕೆಲಸ ಮಾಡುತ್ತದೆ. ಆ ಡೋಸ್ ನಿಗದಿಯಾದದ್ದು ಹಳೆಯ ಊಟಕ್ಕೆ. ಊಟ ಬದಲಾದದ್ದನ್ನು ವೈದ್ಯರಿಗೆ ಯಾರೂ ಹೇಳಿರಲಿಲ್ಲ. ಡೋಸ್ ಬದಲಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಹಾಗಾಗಿ ಊಟ, ನಡಿಗೆ, ರೀಡಿಂಗ್ ಮೂರನ್ನೂ ಸಮಯದೊಂದಿಗೆ ಪುಸ್ತಕದಲ್ಲಿ ಬರೆದು ಆ ವಾರವೇ ವೈದ್ಯರಿಗೆ ತೋರಿಸಲು ಹೇಳಿದೆ. ಅಲ್ಲಿಯವರೆಗೆ ಮಧ್ಯಾಹ್ನದ ಧಾನ್ಯ ಮರಳಿ ತಟ್ಟೆಗೆ ಬರಬೇಕು, ಹೊರಡುವ ಮುಂಚೆ ರೀಡಿಂಗ್ ನೋಡಬೇಕು, 90ಕ್ಕಿಂತ ಕಡಿಮೆ ಇದ್ದರೆ ಒಂದು ಹಣ್ಣು ತಿಂದು ನಡೆಯಬೇಕು.

ಉಳಿದದ್ದು ಮನೆಯ ಒಪ್ಪಂದ. ‘ಲೋ ಆಯ್ತಾ?’ ಎಂಬ ಮಾತನ್ನು ಪತ್ನಿ ಇನ್ನು ಆಡುವುದಿಲ್ಲ. ಮೀಟರನ್ನೂ ಗ್ಲೂಕೋಸ್ ಮಾತ್ರೆಗಳನ್ನೂ ಮೇಜಿನ ಮೇಲಿಟ್ಟು ಸುಮ್ಮನಾಗುತ್ತಾರೆ. ಆತ ಮರುಮಾತಿಲ್ಲದೆ ಕೈ ತೊಳೆದು ಬೆರಳು ಚುಚ್ಚಿಕೊಳ್ಳುತ್ತಾರೆ. ಕೈ ತೊಳೆಯುವುದು ಶಾಸ್ತ್ರಕ್ಕಲ್ಲ: ಹಣ್ಣು ಮುಟ್ಟಿದ ಬೆರಳಾದರೆ 60 ಇರುವ ಜಾಗದಲ್ಲಿ 120 ತೋರಿಸಬಹುದು. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ 4 ಗ್ರಾಂನ ಮಾತ್ರೆ ನಾಲ್ಕು. ಅದಿಲ್ಲದಿದ್ದರೆ ನೀರಿನಲ್ಲಿ ಕರಗಿಸಿದ ನಾಲ್ಕು ಟೀ ಚಮಚ ಸಕ್ಕರೆ, ಇಲ್ಲವೇ 120 ಮಿಲಿಲೀಟರ್ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುವುದು ಇನ್ನೊಂದು ತಪ್ಪು. ಗಂಟೆಯೊಳಗೆ 250 ದಾಟಿ, ಅದನ್ನಿಳಿಸಲು ಹೆಚ್ಚು ಇನ್ಸುಲಿನ್, ಮತ್ತೆ ಲೋ. ಏರಿದ ಮೇಲೆ ಊಟಕ್ಕೆ ಇನ್ನೂ ಒಂದು ಗಂಟೆಗಿಂತ ಹೆಚ್ಚಿದ್ದರೆ ಒಂದು ಲೋಟ ಹಾಲು ಅಥವಾ ಸ್ವಲ್ಪ ಧಾನ್ಯ, ಜೊತೆಗೆ ಕಾಳು.

ಚುಚ್ಚಿಕೊಳ್ಳಲು ಒಪ್ಪದಷ್ಟು ಹಟವಿದ್ದರೆ ವಾದ ಮಾಡದೆ ಮೊದಲು ಗ್ಲೂಕೋಸ್ ಕೊಡಿ. ಸರಿ ಇದ್ದಾಗ 15 ಗ್ರಾಂ ತಿಂದರೆ ಆಗುವ ನಷ್ಟ ಚಿಕ್ಕದು, ಲೋ ಇದ್ದಾಗ ಕಾದರೆ ಆಗುವುದು ದೊಡ್ಡದು. ನುಂಗಲಾರದ ಸ್ಥಿತಿಯಲ್ಲಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗ್ಲುಕಗಾನ್ (ರಕ್ತದ ಸಕ್ಕರೆ ಏರಿಸುವ ಚುಚ್ಚುಮದ್ದು) ಇದ್ದರೆ ಕೊಟ್ಟು, ತಕ್ಷಣ ಆಂಬುಲೆನ್ಸ್ ಕರೆಸಬೇಕು.

ರೀಡಿಂಗ್ ಸರಿ ಇದ್ದರೆ? ಒಪ್ಪಂದದ ಮುಖ್ಯ ಭಾಗ ಇದೇ. 70ರಿಂದ 90ರ ನಡುವೆ ಇದ್ದರೆ ಇಳಿಯುತ್ತಿರಲೂಬಹುದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. 110 ಎಂದು ತೋರಿಸಿದರೆ ಮೀಟರ್ ಒಳಗಿಟ್ಟು ಪತ್ನಿ ಎದುರು ಕುಳಿತು ಅವರ ಮಾತು ಕೇಳಬೇಕು. ಆ ಸಿಟ್ಟು ಅವರದೇ. ಲೋ ಇದ್ದರೆ ಸಂಖ್ಯೆ ಸರಿಯಾದ ಮೇಲೂ ಮುಕ್ಕಾಲು ಗಂಟೆ ಯಾವ ವಿಷಯವನ್ನೂ ಇತ್ಯರ್ಥ ಮಾಡಬಾರದು, ವಾಹನವನ್ನೂ ಓಡಿಸಬಾರದು. ರಕ್ತ ಸರಿಹೋದಷ್ಟು ಬೇಗ ಮೆದುಳು ಸರಿಹೋಗುವುದಿಲ್ಲ.

ಇದು ಕೋಪಿಷ್ಠರಿಗೆ ನೆಪ ಒದಗಿಸಿದಂತೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಒಪ್ಪುವುದಿಲ್ಲ. ರೀಡಿಂಗ್ 50 ಇದ್ದಾಗ ಆಡಿದ ಮಾತಿಗೆ ಹಿಡಿತವಿರಲಿಲ್ಲ ನಿಜ, ಆದರೆ ಜೇಬಿನಲ್ಲಿ ಮಾತ್ರೆ ಇಟ್ಟುಕೊಳ್ಳುವುದು, ಹೊತ್ತಿಗೆ ಉಣ್ಣುವುದು ಅವರ ಹಿಡಿತದಲ್ಲೇ ಇತ್ತು. ತಟ್ಟೆ ತಳ್ಳಿದ್ದು ನೆನಪಿಲ್ಲದಿದ್ದರೂ ಕ್ಷಮೆ ಕೇಳಬೇಕೆಂದು ಹೇಳಿದೆ, ಅವರು ಅಲ್ಲೇ ಕೇಳಿದರು. ಇನ್ನು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳದವರು ತಮ್ಮ ಸಿಡುಕಿಗೆ ಈ ಹೆಸರಿಡುವ ಮುನ್ನ ಲಕ್ಷಣ ಇರುವಾಗಲೇ ಪರೀಕ್ಷಿಸಿಕೊಳ್ಳಲಿ. ಅವರಲ್ಲಿ ನಿಜವಾದ ಲೋ ಅಪರೂಪ, ಕಂಡುಬಂದರೆ ಅದರ ಕಾರಣವನ್ನು ವೈದ್ಯರು ಹುಡುಕಲೇಬೇಕು.

ಮೂರು ವಾರಗಳ ಬಳಿಕ ಪುಸ್ತಕದಲ್ಲಿ ಹನ್ನೊಂದು ಸಂಜೆಗಳ ಸಿಡುಕು ದಾಖಲಾಗಿತ್ತು. 70ಕ್ಕಿಂತ ಕೆಳಗಿದ್ದದ್ದು ನಾಲ್ಕು, ನಾಲ್ಕೂ ವೈದ್ಯರು ಬೆಳಗಿನ ಡೋಸ್ ತಗ್ಗಿಸುವ ಮೊದಲಿನವು. ಉಳಿದ ಏಳರಲ್ಲಿ ಸಂಖ್ಯೆಯ ಪಕ್ಕ ಪತ್ನಿ ತಮ್ಮ ಅಕ್ಷರದಲ್ಲಿ ವಿಷಯವನ್ನೂ ಬರೆದಿದ್ದರು. ಐದು ಕಡೆ ಮಗನ ಹೆಸರಿತ್ತು. ಈಗ ಅವರು ಬರುತ್ತಿರುವುದು ಆ ಮಾತಿಗಾಗಿ.