ಯೋಜನೆಯ ಮೌಲ್ಯಮಾಪನದಲ್ಲಿ ಫಲಾನುಭವಿಗಳನ್ನೂ ಸೇರಿಸಬೇಕು ಅಂತಾರಲ್ಲ, ಯಾಕೆ? ತಜ್ಞರು ಸಾಲದೇ?

ಸಾಲದು. ಕಡತದಲ್ಲಿ ಬರೆದದ್ದು ನಿಜವೋ ಅಲ್ಲವೋ ಅನ್ನೋದು ಹೊರಗಿನ ತಜ್ಞರಿಗಿಂತ ಊರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ನರೇಗಾದ ಸಾಮಾಜಿಕ ಪರಿಶೋಧನೆಯನ್ನೇ ನೋಡಿ, ಅಂದರೆ ಕೆಲಸದ ಲೆಕ್ಕವನ್ನು ಊರಿನವರೇ ಪರಿಶೀಲಿಸೋದು. 2005ರ ಕಾಯ್ದೆಯ 17ನೇ ಸೆಕ್ಷನ್ ಅದನ್ನು ಗ್ರಾಮಸಭೆಗೆ ವಹಿಸಿತು. ಕೂಲಿಯವರ ಹಾಜರಿ ಪಟ್ಟಿಯನ್ನು ಸಭೆಯಲ್ಲಿ ಜೋರಾಗಿ ಓದಿದರೆ, ತೀರಿಹೋದವರ ಹೆಸರಲ್ಲಿ ದುಡ್ಡು ಎತ್ತಿದ್ದು ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ಲೆಕ್ಕಪರಿಶೋಧಕರ ಕಣ್ಣಿಗೆ ಅದು ಬರೀ ಒಂದು ಸಹಿ. ರಾಜಸ್ಥಾನದಲ್ಲಿ ಕೂಲಿಕಾರರು ಮತ್ತು ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಬಹಿರಂಗ ವಿಚಾರಣೆಗಳು ಈ ದಾರಿ ತೋರಿಸಿದ್ದವು.

ಹಾಗಂತ ಸುಮ್ನೆ ಸಭೆ ಕರೆದರೆ ಆಗಲ್ಲ. ದಾಖಲೆಗಳು ಮೊದಲೇ, ಅರ್ಥವಾಗುವ ಭಾಷೆಯಲ್ಲಿ ಜನರ ಕೈಗೆ ಸಿಗಬೇಕು. ಏನನ್ನು ಅಳೆಯಬೇಕು ಅನ್ನೋದರಲ್ಲೂ ಅವರ ಮಾತು ನಡೆಯಬೇಕು. ಎಷ್ಟು ಕೃಷಿ ಹೊಂಡ ಆಯಿತು ಅಂತ ಇಲಾಖೆ ಎಣಿಸುತ್ತದೆ; ಅದರಲ್ಲಿ ನೀರು ನಿಲ್ಲುತ್ತಾ ಅಂತ ರೈತರು ಕೇಳುತ್ತಾರೆ. ಕೆಲಸ ಮಾಡಿಸಿದವರೇ ಪರಿಶೋಧನೆ ನಡೆಸಬಾರದು. ನರೇಗಾ ಪರಿಶೋಧನೆಯ 2011ರ ನಿಯಮಗಳು ಇದಕ್ಕೇ ಸ್ವತಂತ್ರ ಘಟಕ ಬೇಕು ಅಂದವು.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಡಕು ಭಯ. ಪಂಚಾಯಿತಿ ಅಧ್ಯಕ್ಷರ ಎದುರೇ ಕೂಲಿಯವರು ಬಾಯಿ ಬಿಡೋದು ಕಷ್ಟ, ಅಲ್ವಾ? ಹಾಗಾಗಿ ಪರಿಶೋಧನಾ ತಂಡ ಸಭೆಗೆ ಮುಂಚೆಯೇ ಮನೆಮನೆಗೆ ಹೋಗಿ ಕೇಳಿಕೊಂಡು ಬರುತ್ತದೆ.