ಅಪ್ಪ-ಅಮ್ಮನ ಜೊತೆ ಇಸ್ತಾಂಬುಲ್‌ಗೆ ಹೋಗುತ್ತಿದ್ದೇವೆ, ಅಲ್ಲಿ ಮೋಸ ಹೋಗದಂತೆ ಇರುವುದು ಹೇಗೆ?

ಅಪ್ಪ, ಅಮ್ಮ, ಇನ್ನೂ ಮದುವೆಯಾಗದ ತಮ್ಮ, ಎಲ್ಲರೂ ಮೊದಲ ಸಲ ಇಸ್ತಾಂಬುಲ್‌ಗೆ ಹೊರಟಿದ್ದೇವೆ, ಅಲ್ಲಿನ ಮೋಸಗಳ ವಿಡಿಯೋ ನೋಡಿ ನೋಡಿ ಟಿಕೆಟ್ ರದ್ದು ಮಾಡೋಣ ಅನ್ನಿಸುತ್ತಿದೆ ಎಂದು ಬರೆದಿದ್ದೀರಿ. ದಯವಿಟ್ಟು ರದ್ದು ಮಾಡಬೇಡಿ. ನಾನು ಕೆಲಸದ ಮೇಲೆ ಕೆಲವು ವರ್ಷ ಆ ಊರಿನಲ್ಲಿದ್ದೆ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬಂದ ನೆಂಟರಿಷ್ಟರಿಗೆ ಊರು ತೋರಿಸುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಅಲ್ಲಿ ಪ್ರವಾಸಿಗರು ಕಳೆದುಕೊಳ್ಳುವ ದುಡ್ಡಿನಲ್ಲಿ ಹೆಚ್ಚಿನದು ಹೋಗುವುದು ಮಾತಿಗೆ ಮರುಳಾಗಿ. ಆದ್ದರಿಂದ ಮೊದಲೇ ತಿಳಿದುಕೊಂಡು ಹೋದವರಿಗೆ ಅಷ್ಟಾಗಿ ತೊಂದರೆಯಾಗುವುದಿಲ್ಲ.

ಆ ಊರಿನ ಮೋಸಗಳು ಬಹುತೇಕ ಒಂದೇ ರೀತಿ ಶುರುವಾಗುತ್ತವೆ: ಯಾರೋ ತಾನಾಗಿಯೇ ನಿಮ್ಮನ್ನು ಹುಡುಕಿಕೊಂಡು ಬಂದು ಮಾತಾಡಿಸುತ್ತಾನೆ. ನೀವಾಗಿ ಹೋಗಿ ದಾರಿ ಕೇಳಿದರೆ ಅದೇ ಊರಿನ ಜನ ಕೆಲಸ ಬಿಟ್ಟು ಜೊತೆಗೆ ನಡೆದು ಬಂದು ತೋರಿಸುತ್ತಾರೆ. ಟ್ರಾಮಿನಲ್ಲಿ ವಯಸ್ಸಾದವರು ಹತ್ತಿದರೆ ಹುಡುಗರು ಎದ್ದು ಸೀಟು ಕೊಡುತ್ತಾರೆ. ಹಾಗಾಗಿ ಯಾರನ್ನೂ ನಂಬಬೇಡಿ ಎಂದು ನಾನು ಹೇಳುವುದಿಲ್ಲ. ಸಹಾಯ ಬೇಕಾದಾಗ ಯಾರನ್ನು ಕೇಳಬೇಕು ಎನ್ನುವುದನ್ನು ನೀವು ತೀರ್ಮಾನಿಸಿ. ತಾನಾಗಿ ಬಂದವನಿಗೆ ಒಂದು ನಗು, ಒಂದು ‘ನೋ ಥ್ಯಾಂಕ್ಸ್’ ಸಾಕು, ಕಾಲು ನಿಲ್ಲಬಾರದು. ನಮ್ಮ ಹಿರಿಯರಿಗೆ ಇದು ತುಂಬಾ ಕಷ್ಟ. ಮಾತಾಡಿಸಿದವರಿಗೆ ಉತ್ತರ ಕೊಡದೆ ಹೋದರೆ ಮರ್ಯಾದೆಯಲ್ಲ ಎಂದು ನಂಬಿ ಬಾಳಿದವರು. ಅದಕ್ಕೇ ಈ ಒಂದು ವಿಷಯವನ್ನು ಹೊರಡುವ ಮೊದಲೇ ಮನೆಯಲ್ಲಿ ಕೂತು ಅವರಿಗೆ ಹೇಳಿ, ಅಲ್ಲಿ ಹೋದ ಮೇಲೆ ಬೀದಿಯಲ್ಲಿ ನಿಂತು ಅಲ್ಲ.

ತಮ್ಮನ ವಿಷಯಕ್ಕೆ ಮೊದಲು ಬರುತ್ತೇನೆ, ಏಕೆಂದರೆ ಲಕ್ಷಗಟ್ಟಲೆ ಹೋಗುವುದು ಅಲ್ಲಿಯೇ. ಸಂಜೆ ತಕ್ಸಿಮ್ ಚೌಕದಲ್ಲೋ ಇಸ್ತಿಕ್ಲಾಲ್ ಬೀದಿಯಲ್ಲೋ ಒಬ್ಬನೇ ಓಡಾಡುವ ಗಂಡಸಿನ ಹತ್ತಿರ ನೀಟಾಗಿ ಬಟ್ಟೆ ಹಾಕಿಕೊಂಡ ಒಬ್ಬ ಬರುತ್ತಾನೆ. ತುರ್ಕಿ ಭಾಷೆಯಲ್ಲಿ ಟೈಮ್ ಕೇಳುತ್ತಾನೆ, ಇಲ್ಲವೇ ಬೆಂಕಿಪೊಟ್ಟಣ ಕೇಳುತ್ತಾನೆ. ‘ಓ, ನೀವು ಇಲ್ಲಿಯವರು ಅಂದುಕೊಂಡೆ, ಇಂಡಿಯಾನಾ? ಶಾರುಖ್ ಖಾನ್!’ ಎಂದು ಖುಷಿಪಡುತ್ತಾನೆ. ತಾನೂ ಪ್ರವಾಸಿಯೇ, ಸೈಪ್ರಸ್‌ನಿಂದಲೋ ದುಬೈನಿಂದಲೋ ಬಂದಿದ್ದೇನೆ, ಒಬ್ಬನಿಗೇ ಬೇಜಾರು, ಒಂದು ಬಿಯರ್ ಕುಡಿಯೋಣ ಬನ್ನಿ ಎನ್ನುತ್ತಾನೆ. ಆಮೇಲೆ ಒಂದು ಒಳಬೀದಿಯ ಬಾರ್. ಇಬ್ಬರು ಹೆಂಗಸರು ಬಂದು ಪಕ್ಕದಲ್ಲಿ ಕೂರುತ್ತಾರೆ, ಅವರ ಮುಂದೆ ಗ್ಲಾಸುಗಳು ಬರುತ್ತವೆ. ಕೊನೆಗೆ ಬರುವ ಬಿಲ್ಲು ಸಾವಿರಾರು ಯೂರೋ ಆಗಿದ್ದರೂ ಆಶ್ಚರ್ಯವಿಲ್ಲ. ಬಾಗಿಲಲ್ಲಿ ದಾಂಡಿಗರು ನಿಂತಿರುತ್ತಾರೆ. ಜೇಬಿನಲ್ಲಿ ಇಲ್ಲದಿದ್ದರೆ ಎಟಿಎಂವರೆಗೂ ಜೊತೆಗೆ ಬರುತ್ತಾರೆ. ಕರೆದುಕೊಂಡು ಬಂದ ‘ಸ್ನೇಹಿತ’ ತನ್ನ ಪಾಲು ಕೊಟ್ಟಂತೆ ನಟಿಸುವುದರಿಂದ, ಮೋಸ ಮಾಡಿದ್ದು ಅವನೇ ಎಂದು ಎಷ್ಟೋ ಜನರಿಗೆ ಮರುದಿನದವರೆಗೂ ಹೊಳೆಯುವುದಿಲ್ಲ.

ನನಗೆ ಗೊತ್ತಿರುವ ನಮ್ಮ ಕಡೆಯ ಹುಡುಗನೊಬ್ಬ, ತುಂಬಾ ಬುದ್ಧಿವಂತ, ಹೀಗೆ ಸಿಕ್ಕಿಕೊಂಡ. ಹಣ ಹೋದದ್ದಕ್ಕಿಂತ, ಯಾರಿಗೂ ಹೇಳಲಾಗದೆ ಒಳಗೊಳಗೇ ಕೊರಗಿದ್ದು ನೋಡಿ ನನಗೆ ಸಂಕಟವಾಯಿತು. ತಮ್ಮನಿಗೆ ನೇರವಾಗಿ ಹೇಳಿ: ಈಗಷ್ಟೇ ಪರಿಚಯವಾದವನು ಆರಿಸಿದ ಬಾರಿಗೆ ಹೋಗಬಾರದು. ಹೋಗಬೇಕೆನಿಸಿದರೆ ಜಾಗವನ್ನು ತಾನೇ ಆರಿಸಲಿ. ‘ಸರಿ, ಆದರೆ ಎದುರಿಗಿರುವ ಆ ಹೋಟೆಲಿಗೆ ಹೋಗೋಣ’ ಎಂದರೆ ಸಾಕು, ಮೋಸಗಾರ ಕಳಚಿಕೊಳ್ಳುತ್ತಾನೆ. ಒಂದು ವೇಳೆ ಸಿಕ್ಕಿಬಿದ್ದರೆ ಹೊಡೆದಾಟಕ್ಕೆ ಇಳಿಯಬಾರದು. ಸಾಧ್ಯವಾದರೆ ನಗದಿನ ಬದಲು ಕಾರ್ಡಿನಲ್ಲಿ ಕೊಟ್ಟು, ರಸೀದಿ ಇಟ್ಟುಕೊಂಡು, ಹೊರಗೆ ಬಂದ ತಕ್ಷಣ 112ಕ್ಕೆ ಕರೆ ಮಾಡಬೇಕು. ಪೊಲೀಸ್, ಆಂಬುಲೆನ್ಸ್ ಎಲ್ಲಕ್ಕೂ ಅದೇ ನಂಬರ್. ಕಾರ್ಡಿನ ದಿನದ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಇಲ್ಲಿಂದ ಹೊರಡುವಾಗಲೇ ಕಡಿಮೆ ಮಾಡಿಡಿ.

ಅಪ್ಪನಿಗೆ ಎದುರಾಗುವುದು ಬೇರೆ. ಗಲಾಟಾ ಸೇತುವೆ, ಎಮಿನೊನ್ಯು, ಸುಲ್ತಾನ್ ಅಹ್ಮೆತ್ ಕಡೆ ಬೂಟ್ ಪಾಲಿಶ್ ಮಾಡುವವನು ನಿಮ್ಮ ಮುಂದೆ ನಡೆದು ಹೋಗುವಾಗ ಪೆಟ್ಟಿಗೆಯಿಂದ ಬ್ರಷ್ ಬೀಳುತ್ತದೆ. ಪಾಪ, ಗೊತ್ತಾಗಿಲ್ಲವೇನೋ ಎಂದು ಎತ್ತಿ ಕೊಡುತ್ತೀರಿ. ಉಪಕಾರಕ್ಕೆ ಪ್ರತಿಯಾಗಿ ಬೂಟು ಒರೆಸಿಕೊಡುತ್ತೇನೆ ಎಂದು ಕೂತೇಬಿಡುತ್ತಾನೆ. ಊರಿನಲ್ಲಿ ಮಗುವಿಗೆ ಆಪರೇಷನ್ ಎನ್ನುವ ಕತೆ ಬರುತ್ತದೆ, ಆಮೇಲೆ ಒರೆಸಿದ್ದಕ್ಕೆ ಮಿತಿಮೀರಿದ ದುಡ್ಡು ಕೇಳುತ್ತಾನೆ. ಹೋಗುವ ಮೊತ್ತ ದೊಡ್ಡದಲ್ಲ. ಆದರೆ ಒಳ್ಳೆಯತನಕ್ಕೇ ಬಲೆ ಹಾಕುತ್ತಾರಲ್ಲ, ಅದು ನನಗೆ ಸಹಿಸಲಾಗುವುದಿಲ್ಲ. ಬ್ರಷ್ ಬಿದ್ದರೆ ಬಿದ್ದಿರಲಿ ಎಂದು ಅಪ್ಪನಿಗೆ ಹೇಳಿಡಿ.

ಸುಲ್ತಾನ್ ಅಹ್ಮೆತ್ ಚೌಕದಲ್ಲಿ ಒಂದು ಕಡೆ ಹಾಗಿಯಾ ಸೋಫಿಯಾ, ಎದುರಿಗೆ ನೀಲಿ ಮಸೀದಿ. 537ರಲ್ಲಿ ಚರ್ಚಾಗಿ ಕಟ್ಟಿ ಮುಗಿಸಿದ ಹಾಗಿಯಾ ಸೋಫಿಯಾ 1453ರ ನಂತರ ಮಸೀದಿಯಾಯಿತು, ನಡುವೆ ವಸ್ತುಸಂಗ್ರಹಾಲಯವಾಗಿದ್ದು 2020ರಿಂದ ಮತ್ತೆ ಮಸೀದಿ. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ ಮೇಲಿನ ಅಂತಸ್ತಿಗೆ ಮಾತ್ರ ಪ್ರವೇಶ, ಟಿಕೆಟ್ 25 ಯೂರೋ ಎಂದು ನಿಗದಿಯಾಯಿತು. ಹೊರಡುವ ಮುಂಚೆ ಈಗಿನ ದರ ನೋಡಿಕೊಳ್ಳಿ. ಊರಿನ ಮ್ಯೂಸಿಯಂ ಪಾಸ್ ಇಲ್ಲಿ ನಡೆಯುವುದಿಲ್ಲ. ನೀಲಿ ಮಸೀದಿಗೆ ದುಡ್ಡೇ ಇಲ್ಲ. ಈ ಎರಡರ ನಡುವಿನ ಜಾಗದಲ್ಲಿ ‘ಸಾಲು ತಪ್ಪಿಸಿ ಕರೆದುಕೊಂಡು ಹೋಗುತ್ತೇನೆ’ ಎನ್ನುವವರು ಸಿಗುತ್ತಾರೆ, ಭದ್ರತಾ ತಪಾಸಣೆಯ ಸಾಲಂತೂ ಯಾರಿಗೂ ತಪ್ಪುವುದಿಲ್ಲ. ಇನ್ನೊಬ್ಬ ಬಂದು ‘ಈಗ ಮಸೀದಿ ಮುಚ್ಚಿದೆ, ನಮಾಜ್ ಸಮಯ’ ಎನ್ನುತ್ತಾನೆ. ನಮಾಜಿನ ಹೊತ್ತಿನಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ ಎನ್ನುವುದು ನಿಜ, ಆದ್ದರಿಂದಲೇ ಆ ಮಾತು ನಂಬಿಕೆ ಹುಟ್ಟಿಸುತ್ತದೆ. ನೀವು ಬಾಗಿಲವರೆಗೆ ಹೋಗಿ ಅಲ್ಲಿ ಹಾಕಿರುವ ಫಲಕ ನೋಡಿ. ನಿಜವಾಗಿಯೂ ಮುಚ್ಚಿದ್ದರೆ ಪಕ್ಕದ ಉದ್ಯಾನದಲ್ಲಿ ಕೂತು ಸಿಮಿತ್ (ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್) ತಿನ್ನಿ. ಅವನ ಹಿಂದೆ ಹೋದರೆ ತಲುಪುವುದು ಅವನ ‘ಚಿಕ್ಕಪ್ಪನ’ ಕಾರ್ಪೆಟ್ ಅಂಗಡಿಗೆ.

ಕಾರ್ಪೆಟ್ ಅಂಗಡಿಗೆ ಹೋಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ನೇಯ್ಗೆ ಕಣ್ಣು ತುಂಬಿಸುತ್ತದೆ, ನಿಮ್ಮ ಅಮ್ಮನಿಗೆ ಖಂಡಿತ ಇಷ್ಟವಾಗುತ್ತದೆ. ಚಹಾ ಕೊಟ್ಟರೆ ಕುಡಿಯಿರಿ, ಅದರಲ್ಲಿ ಋಣವೇನೂ ಇಲ್ಲ, ಹತ್ತು ಕಾರ್ಪೆಟ್ ಬಿಚ್ಚಿ ಹಾಸಿದರೂ ಕೊಳ್ಳಲೇಬೇಕೆಂದಿಲ್ಲ. ಸಮಸ್ಯೆ ಇರುವುದು ‘ರೇಷ್ಮೆ’ ಎಂಬ ಹೆಸರಿನಲ್ಲಿ. ವಿಸ್ಕೋಸ್ ಎಂಬ ಕೃತಕ ರೇಷ್ಮೆ ಅಥವಾ ಹೊಳಪು ಕೊಟ್ಟ ಹತ್ತಿಯನ್ನು ಹೆರೆಕೆಯ ರೇಷ್ಮೆ ಎಂದು ಮಾರುವುದುಂಟು. ಹೆರೆಕೆ ಅಲ್ಲಿನ ರೇಷ್ಮೆ ಕಾರ್ಪೆಟ್‌ಗೆ ಹೆಸರಾದ ಊರು. ಮೈಸೂರು ರೇಷ್ಮೆ ಸೀರೆ ಉಟ್ಟು ಬಲ್ಲವರಿಗೆ ಪರೀಕ್ಷೆ ಗೊತ್ತೇ ಇದೆ: ಅಂಚಿನ ಒಂದು ಎಳೆ ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ವಿಸ್ಕೋಸ್ ಕಾಗದದ ಹಾಗೆ ಉರಿಯುತ್ತದೆ. ಎಳೆ ಸುಡಲು ಬಿಡದವನ ಹತ್ತಿರ ರೇಷ್ಮೆಯ ಬೆಲೆಗೆ ಏನನ್ನೂ ಕೊಳ್ಳಬೇಡಿ. ‘ಮನೆಗೇ ಕಳಿಸುತ್ತೇವೆ’ ಎಂದರೂ ಬೇಡ, ನೋಡಿದ್ದೊಂದು ಬಂದದ್ದೊಂದು ಆಗುವ ಸಂಭವವಿದೆ. ಕೈಯಲ್ಲಿ ಹಿಡಿದು ತರುವಷ್ಟು ಚಿಕ್ಕದನ್ನೇ ಆರಿಸಿಕೊಳ್ಳಿ.

ಮಸಾಲೆ ಮಾರುಕಟ್ಟೆಯಲ್ಲಿ ಅಮ್ಮನ ಕಣ್ಣು ಹೋಗುವುದು ಕೇಸರಿಯ ಮೇಲೆ. ಎಮಿನೊನ್ಯುವಿನಲ್ಲಿರುವ ಈ ಮಾರುಕಟ್ಟೆ 1660ರ ದಶಕದ್ದು. ಅಂಗಡಿಯ ಮುಂದೆ ಕೆಂಪು ಎಸಳುಗಳನ್ನು ಗುಡ್ಡೆ ಹಾಕಿ ‘ತುರ್ಕಿ ಕೇಸರಿ’ ಎಂದು ಅಗ್ಗಕ್ಕೆ ಮಾರುತ್ತಾರೆ. ಅದು ಬಹುತೇಕ ಕುಸುಬೆ ಹೂವಿನ ಎಸಳು. ನಮ್ಮ ವಿಜಯಪುರ, ಕಲಬುರಗಿ, ಗದಗದ ಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ! ಬಣ್ಣ ಬಿಡುತ್ತದೆ, ಕೇಸರಿಯ ಪರಿಮಳ ಇರುವುದಿಲ್ಲ. ನಿಜವಾದ ಕೇಸರಿಯನ್ನು ಯಾರೂ ಹಾಗೆ ಬುಟ್ಟಿಯಲ್ಲಿ ಗುಡ್ಡೆ ಹಾಕುವುದಿಲ್ಲ, ಗ್ರಾಂ ಲೆಕ್ಕದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಮಾರುತ್ತಾರೆ. ಲೋಕುಮ್ ಸಿಹಿ, ಒಣಹಣ್ಣು ಕೊಳ್ಳುವಾಗ ಡಬ್ಬಿ ತುಂಬಲು ಬಿಡಬೇಡಿ. ಕಾಲು ಕಿಲೋ ಎಂದರೆ ಕಾಲು ಕಿಲೋ ಎಂದು ಹೇಳಿ, ತಕ್ಕಡಿಯ ಅಂಕಿ ನೋಡುತ್ತಾ ನಿಲ್ಲಿ. ದೊಡ್ಡ ಮುಚ್ಚಿದ ಬಜಾರಿಗೂ ಒಂದು ಸುತ್ತು ಹೋಗಿ, ಭಾನುವಾರ ಬಾಗಿಲು ಹಾಕಿರುತ್ತದೆ.

ಟ್ಯಾಕ್ಸಿಯ ಬಗ್ಗೆ ವಿಡಿಯೋಗಳು ಹೇಳುವುದು ಸುಳ್ಳಲ್ಲ. ಮೀಟರ್ ಹಾಕುವುದಿಲ್ಲ, ಸುತ್ತಿಸುತ್ತಾರೆ, ‘ರಾತ್ರಿ ದರ’ ಎನ್ನುತ್ತಾರೆ. ಇಸ್ತಾಂಬುಲ್‌ನಲ್ಲಿ ಪ್ರತ್ಯೇಕ ರಾತ್ರಿ ದರ ಇಲ್ಲವೇ ಇಲ್ಲ. ಹಳದಿ, ನೀಲಿಹಸಿರು, ಕಪ್ಪು ಬಣ್ಣದ ಟ್ಯಾಕ್ಸಿಗಳಿಗೆ ಬೇರೆ ಬೇರೆ ದರ, ಹಳದಿ ಎಲ್ಲಕ್ಕಿಂತ ಅಗ್ಗ. ಹತ್ತುವ ಮೊದಲು ‘ತಕ್ಸಿಮೆತ್ರೆ’, ಅಂದರೆ ಮೀಟರ್, ಎಂದು ಕೇಳಿ, ಒಪ್ಪದಿದ್ದರೆ ಬಿಟ್ಟುಬಿಡಿ. ಇಳಿಯುವಾಗ ನೋಟನ್ನು ಒಂದೊಂದಾಗಿ ಎತ್ತಿ ಹಿಡಿದು, ಜೋರಾಗಿ ಎಣಿಸಿ ಕೊಡಿ. ನೀವು ಕೊಟ್ಟ 200 ಲಿರಾ ನೋಟು ಅವನ ಕೈ ಸೇರಿದ ಮೇಲೆ 20 ಲಿರಾ ಆಗಿ ‘ಇಷ್ಟೇ ಕೊಟ್ಟಿರಿ’ ಎಂದು ನಿಮ್ಮ ಮುಂದೆ ಬರುವುದು ಹಳೆಯ ಕೈಚಳಕ. ಇನ್ನೂ ಒಳ್ಳೆಯದೆಂದರೆ ಟ್ಯಾಕ್ಸಿಯ ಗೊಡವೆಯೇ ಬೇಡ. ವಿಮಾನ ನಿಲ್ದಾಣದಿಂದ ಊರೊಳಗೆ ಹವಾಇಸ್ತ್ ಬಸ್ಸುಗಳಿವೆ, ಎಂ11 ಮೆಟ್ರೋ ಇದೆ. ಇಸ್ತಾಂಬುಲ್‌ಕಾರ್ತ್ ಎಂಬ ಸಾರಿಗೆ ಕಾರ್ಡ್ ಒಂದಿದ್ದರೆ ಬಸ್ಸು, ಟ್ರಾಮ್, ಮೆಟ್ರೋ, ದೋಣಿ ಎಲ್ಲಕ್ಕೂ ಆಗುತ್ತದೆ, ಒಂದೇ ಕಾರ್ಡನ್ನು ನಾಲ್ವರಿಗೂ ಉಜ್ಜಬಹುದು. ಕಾರ್ಡಿನ ಯಂತ್ರದ ಪಕ್ಕದಲ್ಲಿ ‘ನಾನು ಮಾಡಿಕೊಡುತ್ತೇನೆ’ ಎಂದು ನಿಂತಿರುವವನಿಗೆ ನೋಟು ಕೊಡಬೇಡಿ, ಯಂತ್ರದಲ್ಲಿ ಇಂಗ್ಲಿಷ್ ಇದೆ.

ಊರಿನ ನಡುವೆ ಹರಿಯುವ ಬೋಸ್ಫರಸ್ ಜಲಸಂಧಿಯ ದೋಣಿ ವಿಹಾರಕ್ಕೂ ಇದೇ ಮಾತು. ದಡದಲ್ಲಿ ಕೂಗಿ ಕರೆಯುವವರನ್ನು ದಾಟಿ ಹೋಗಿ. ನಗರ ಸಾರಿಗೆಯ ದೋಣಿ ಸಂಸ್ಥೆಯಾದ ಶೆಹಿರ್ ಹತ್ಲಾರಿಯ ಕೌಂಟರ್ ಎಮಿನೊನ್ಯುವಿನಲ್ಲೇ ಇದೆ. ಸಮಯ ಕಡಿಮೆ ಇದ್ದರೆ ಅಲ್ಲಿಂದ ಕಾದಿಕೊಯ್‌ಗೆ ಹೋಗುವ ಮಾಮೂಲಿ ದೋಣಿ ಹತ್ತಿ. ಬಸ್ಸಿನಂತೆ ಕಾರ್ಡ್ ಉಜ್ಜಿ ಯುರೋಪಿನಿಂದ ಏಷ್ಯಾಕ್ಕೆ ಹೋಗಿ ಬರಬಹುದು. ನನಗೆ ಆ ಊರಿನಲ್ಲಿ ಅದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಊಟಕ್ಕೆ ಕೂರುವಾಗ ಬೆಲೆ ಬರೆದ ಮೆನು ಕೇಳಿ. ಬೆಲೆಯಿಲ್ಲದ ಮೆನು, ತೂಕದ ಮೇಲೆ ಮೀನು, ಕೇಳದೆ ತಂದಿಡುವ ಚಿಕ್ಕ ತಟ್ಟೆಗಳು, ಈ ಮೂರೂ ಬಿಲ್ಲು ಏರಿಸುತ್ತವೆ. ಕೇಳದೆ ಬಂದದ್ದನ್ನು ಮುಟ್ಟುವ ಮೊದಲು ಬೆಲೆ ಕೇಳಿ. ಸಸ್ಯಾಹಾರಿಗಳಾಗಿದ್ದರೆ ‘ಎತ್ಸಿಜ್’ ಎಂದರೆ ಮಾಂಸವಿಲ್ಲದ್ದು ಎಂದು ತಿಳಿಯುತ್ತದೆ. ಬೇಳೆ ಸೂಪ್ ಎಲ್ಲ ಕಡೆ ಸಿಗುತ್ತದೆ, ಕೆಲವೆಡೆ ಮಾಂಸದ ನೀರಿನಲ್ಲಿ ಮಾಡುವುದರಿಂದ ಕೇಳಿ ತಗೊಳ್ಳಿ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯೋ ಲಿರಾವೋ ಎಂದು ಕೇಳಿದರೆ ಯಾವಾಗಲೂ ಲಿರಾ ಒತ್ತಿ, ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ಎಟಿಎಂ ಆದರೆ ಬ್ಯಾಂಕಿನ ಶಾಖೆಗೆ ಅಂಟಿಕೊಂಡಿರುವುದೇ ಒಳ್ಳೆಯದು. ಅಲ್ಲಿ ಹಣದುಬ್ಬರ ಜಾಸ್ತಿ, ಹಾಗಾಗಿ ಎರಡು ವರ್ಷದ ಹಿಂದಿನ ಬ್ಲಾಗ್ ಓದಿಕೊಂಡು ಹೋಗಿ ಎಲ್ಲರೂ ಮೋಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ, ಬೆಲೆ ನಿಜಕ್ಕೂ ಏರಿರುತ್ತದೆ.

ಪೊಲೀಸ್ ಎಂದು ಹೇಳಿಕೊಂಡು ಮಫ್ತಿಯಲ್ಲಿ ಬಂದು ಪರ್ಸ್ ತೋರಿಸಿ ಎನ್ನುವವನಿಗೆ ಪರ್ಸ್ ಕೊಡಬೇಡಿ. ಠಾಣೆಗೆ ನಡೆಯಿರಿ, ಅಲ್ಲೇ ತೋರಿಸುತ್ತೇನೆ ಎನ್ನಿ. ಪ್ರವಾಸಿಗರಿಗಾಗಿಯೇ ಇರುವ ಠಾಣೆ ಸುಲ್ತಾನ್ ಅಹ್ಮೆತ್‌ನಲ್ಲಿದೆ.

ಕೊನೆಯದಾಗಿ ವೀಸಾ, ಇದು ಇಲ್ಲಿಂದಲೇ ಶುರುವಾಗುವ ಮೋಸ. ಸರ್ಕಾರಿ ಇ-ವೀಸಾ ತಾಣದ ಹಾಗೆಯೇ ಕಾಣುವ ಖಾಸಗಿ ತಾಣಗಳು ಹೆಚ್ಚಿನ ದುಡ್ಡು ಕೀಳುತ್ತವೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಟಿಆರ್’ ಇದೆಯೇ ನೋಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇ-ವೀಸಾ ಸಿಗಬೇಕಾದರೆ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್‌ನ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಚಾಲ್ತಿಯಲ್ಲಿರುವ ವೀಸಾ ಇಲ್ಲವೇ ವಾಸದ ಪರವಾನಗಿ ಬೇಕು. ಅಪ್ಪ-ಅಮ್ಮನಿಗೆ ಅದು ಇಲ್ಲದಿದ್ದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿ ಕೊಡುವ ಸ್ಟಿಕರ್ ವೀಸಾಕ್ಕೇ ಅರ್ಜಿ ಹಾಕಬೇಕು. ‘ಇ-ವೀಸಾ ಮಾಡಿಸಿಕೊಡುತ್ತೇವೆ’ ಎನ್ನುವ ಏಜೆಂಟಿಗೆ ಮುಂಗಡ ಕೊಡಬೇಡಿ.

ಹೋಟೆಲ್ ಯಾವ ಬಡಾವಣೆಯಲ್ಲಿ ಬುಕ್ ಮಾಡಿದ್ದೀರಿ ಎಂದು ಬರೆದಿಲ್ಲ. ತಿಳಿಸಿದರೆ ವಿಮಾನ ನಿಲ್ದಾಣದಿಂದ ಅಲ್ಲಿಗೆ ಯಾವ ಬಸ್ಸು, ಯಾವ ಟ್ರಾಮ್ ಎಂದು ಬರೆಯುತ್ತೇನೆ. ಸುಲ್ತಾನ್ ಅಹ್ಮೆತ್, ಎಮಿನೊನ್ಯು, ಕರಾಕೊಯ್ ಆಸುಪಾಸಿನಲ್ಲಾದರೆ ಟಿ1 ಟ್ರಾಮ್ ಒಂದೇ ಸಾಕು, ಅಪ್ಪ-ಅಮ್ಮನಿಗೆ ಹೆಚ್ಚು ನಡೆಯುವುದೂ ತಪ್ಪುತ್ತದೆ.