ಆಪ್ಟಿಕ್ ನ್ಯೂರೈಟಿಸ್ ಆದ ಮೇಲೆ ದೃಷ್ಟಿ 6/6 ಬಂದರೂ ಮಂಕಾಗಿ ಕಾಣುವುದೇಕೆ? ಎಂಎಸ್ ಔಷಧದ ಅಧ್ಯಯನಕ್ಕೆ ಸೇರಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಮೂರು ಸಲ ಓದಿದೆ. ಆರು ತಿಂಗಳ ಹಿಂದೆ ಎಡಗಣ್ಣು ಹೊರಳಿಸಿದರೆ ನೋವು, ಎರಡೇ ದಿನದಲ್ಲಿ ನೋಟದ ನಡುಭಾಗವೆಲ್ಲ ಮಸುಕು. ಆಪ್ಟಿಕ್ ನ್ಯೂರೈಟಿಸ್, ಅಂದರೆ ದೃಷ್ಟಿನರದ ಉರಿಯೂತ ಎಂದರು, ಮೂರು ದಿನ ರಕ್ತನಾಳದ ಮೂಲಕ ಸ್ಟೆರಾಯ್ಡ್ ಕೊಟ್ಟರು. ಎಂಆರ್‌ಐಯಲ್ಲಿ ಮಿದುಳಿನಲ್ಲೂ ಮಚ್ಚೆಗಳು ಕಂಡು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ಹೆಸರು ಬಂತು; ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ, ದೃಷ್ಟಿನರಗಳ ತಂತುಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಅದು. ಈಗ ದೃಷ್ಟಿ 6/6. "ಎಲ್ಲರೂ ಸರಿಹೋಗಿದೆ ಎನ್ನುತ್ತಾರೆ, ನನಗೆ ಮಾತ್ರ ಸರಿಹೋಗಿಲ್ಲ. ಇದು ನನ್ನ ಭ್ರಮೆಯೇ? ನರದ ಹೊದಿಕೆಯನ್ನು ದುರಸ್ತಿ ಮಾಡುವ ಔಷಧದ ಅಧ್ಯಯನಕ್ಕೆ ಕರೆದಿದ್ದಾರೆ, ಸೇರಲೇ?" ಎಂದು ಕೇಳಿದ್ದೀರಿ.

ಭ್ರಮೆಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಒಂದು ಮಾತು ಕೇಳಲು ಜನ ವರ್ಷಗಟ್ಟಲೆ ಕಾಯುವುದನ್ನು ನೋಡಿದ್ದೇನೆ. ನಾನು ವೈದ್ಯೆಯಲ್ಲ. ನರ ಮತ್ತು ಕಣ್ಣಿನ ಕಾಯಿಲೆಗಳ ವಿಭಾಗದಲ್ಲಿ ಪರೀಕ್ಷೆ ಮಾಡುವ ತಂತ್ರಜ್ಞೆಯಾಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಚಿಕಿತ್ಸೆಯ ನಿರ್ಧಾರ ನಿಮ್ಮ ನರರೋಗ ತಜ್ಞರದೇ. ಆದರೆ ಆ ಕತ್ತಲೆ ಕೋಣೆಯಲ್ಲಿ ಏನನ್ನು ಅಳೆಯುತ್ತಾರೆ, ಏನು ಅಳತೆಗೆ ಸಿಗುವುದಿಲ್ಲ ಎಂಬುದನ್ನು ನಾನು ಹೇಳಬಲ್ಲೆ.

ಗೋಡೆಯ ಮೇಲಿನ ಫಲಕದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಅಚ್ಚ ಕಪ್ಪು ಅಕ್ಷರಗಳಿರುತ್ತವೆ. ಕಣ್ಣಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ದೃಷ್ಟಿನರದಲ್ಲಿ ಸುಮಾರು ಹತ್ತು ಲಕ್ಷ ತಂತುಗಳಿವೆ. ಅವುಗಳಲ್ಲಿ ಗಣನೀಯ ಪಾಲು ಹೋದರೂ ಉಳಿದವು ಸೇರಿ ಕಪ್ಪಕ್ಷರವನ್ನು ಓದಿಸಿಬಿಡುತ್ತವೆ. ಸಿಕ್ಕಿಬೀಳುವುದು ಬೂದು ಅಕ್ಷರದಲ್ಲಿ. ಅಕ್ಷರದ ಗಾಢತೆಯನ್ನು ಶೇ. 2.5ಕ್ಕೆ ಇಳಿಸಿದ ಫಲಕವೊಂದಿದೆ. 6/6 ಓದಿ ಬಂದವರೇ ಅದರ ಮುಂದೆ ಸುಮ್ಮನೆ ಕುಳಿತುಬಿಡುತ್ತಾರೆ. ಮಂಜು ಕವಿದ ರಸ್ತೆ, ಮುಸ್ಸಂಜೆಯ ಮೆಟ್ಟಿಲು, ಅರೆಬೆಳಕಿನಲ್ಲಿ ಎದುರಿಗಿರುವವರ ಮುಖಭಾವ, ಇವೆಲ್ಲ ಆ ಬೂದು ಫಲಕದ ಜಾತಿಗೇ ಸೇರಿದವು. ಒಬ್ಬ ಶಾಲಾ ಶಿಕ್ಷಕಿ ನನ್ನ ಮುಂದೆ ಕೊನೆಯ ಸಾಲನ್ನೂ ತಪ್ಪಿಲ್ಲದೆ ಓದಿ, "ಓದಿದೆ, ಆದರೆ ಯಾರೋ ಬೂದಿಯಲ್ಲಿ ಬರೆದ ಹಾಗಿದೆ" ಎಂದರು. ಕಡತದಲ್ಲಿ 6/6 ಎಂದು ಬರೆಯುವ ಕಲಂ ಇತ್ತು. ಬೂದಿಯ ಮಾತನ್ನು ಬರೆಯಲು ಕಲಂ ಇರಲಿಲ್ಲ. ನಾನು ಅಂಚಿನಲ್ಲಿ ಬರೆದೆ.

ಬಣ್ಣದ ವಿಷಯವನ್ನು ನೀವೇ ಮನೆಯಲ್ಲಿ ನೋಡಬಹುದು. ಅಚ್ಚ ಕೆಂಪು ಬಣ್ಣದ ಯಾವುದಾದರೂ ಮುಚ್ಚಳ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಕಾಯಿಲೆ ಬಂದಿದ್ದ ಕಣ್ಣಿಗೆ ಅದೇ ಕೆಂಪು ಹತ್ತಾರು ಸಲ ಒಗೆದ ಬಟ್ಟೆಯಂತೆ ಬಣ್ಣಗೆಟ್ಟು ಕಂಡರೆ, ಅದು ದೃಷ್ಟಿನರಕ್ಕೆ ಪೆಟ್ಟಾಗಿರುವುದರ ಗುರುತು. ಬಿಸಿನೀರಿನ ಸ್ನಾನ ಮಾಡಿದಾಗ, ಓಡಿ ಬಂದಾಗ, ಜ್ವರ ಬಂದಾಗ ಆ ಕಣ್ಣು ಮತ್ತೆ ಮಂಜಾಗಿ, ಮೈ ತಣಿದ ಮೇಲೆ ತಿಳಿಯಾಗುವುದುಂಟು. ಇದನ್ನು ಉಹ್‌ಥಾಫ್ ಎಂಬ ಜರ್ಮನ್ ನೇತ್ರತಜ್ಞ 1890ರಲ್ಲೇ ದಾಖಲಿಸಿದ್ದಾರೆ. ಹೊದಿಕೆ ಕಳೆದುಕೊಂಡ ತಂತು ಶಾಖ ಏರಿದಾಗ ಸಂಕೇತ ದಾಟಿಸಲಾರದೆ ಸೋಲುತ್ತದೆ, ಅಷ್ಟೇ. ಇಂಥ ತಾತ್ಕಾಲಿಕ ಮಂಜು ಹೊಸ ದಾಳಿಯಲ್ಲ. ಆದರೆ ಒಂದು ದಿನ ಕಳೆದರೂ ತಿಳಿಯಾಗದಿದ್ದರೆ, ನೋವು ಮರಳಿದರೆ, ಕಾಯದೆ ವೈದ್ಯರ ಬಳಿಗೆ ಹೋಗಿ.

ಎಸೆದ ಚೆಂಡನ್ನು ಹಿಡಿಯುವಾಗ ಕೈ ತಪ್ಪುತ್ತದೆ, ಪಕ್ಕದಲ್ಲಿ ಸಾಗುವ ವಾಹನ ಮೈಮೇಲೇ ಬಂದಂತಾಗುತ್ತದೆ ಎಂದೂ ಬರೆದಿದ್ದೀರಿ. ಇದಕ್ಕೂ ಹೆಸರಿದೆ: ಪುಲ್‌ಫ್ರಿಚ್ ಪರಿಣಾಮ. ಒಂದು ಕಣ್ಣಿನ ಸಂಕೇತ ಮಿದುಳಿಗೆ ತುಸು ತಡವಾಗಿ ತಲುಪಿದರೆ, ಅಡ್ಡಡ್ಡ ತೂಗುವ ಲೋಲಕವೂ ದುಂಡಗೆ ಸುತ್ತಿದಂತೆ ಕಾಣುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಕಾರ್ಲ್ ಪುಲ್‌ಫ್ರಿಚ್ ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಾವು ವಿವರಿಸಿದ್ದನ್ನು ಅವರೇ ನೋಡಲಾಗಲಿಲ್ಲ ಎನ್ನುವುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಆ ತಡವನ್ನೇ ಅಳೆಯುವ ಪರೀಕ್ಷೆ ವಿಇಪಿ. ನಿಮ್ಮ ಅಧ್ಯಯನದಲ್ಲಿ ಇದು ಬಹುಶಃ ಇರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಲೆಯ ಹಿಂಭಾಗದ ಚರ್ಮವನ್ನು ಉಜ್ಜಿ, ಅಂಟುಮುಲಾಮು ಹಚ್ಚಿ, ಪುಟ್ಟ ಲೋಹದ ಬಟ್ಟಲಿನಂಥ ಎಲೆಕ್ಟ್ರೋಡ್ ಕೂರಿಸುತ್ತೇವೆ. ಒಂದು ಕಣ್ಣಿಗೆ ಪಟ್ಟಿ. ಎದುರಿನ ಪರದೆಯಲ್ಲಿ ಚದುರಂಗದ ಮಣೆಯಂತೆ ಕಪ್ಪು ಬಿಳಿ ಚೌಕಗಳು. ಸೆಕೆಂಡಿಗೆ ಎರಡು ಸಲ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ನಡುವಿನ ಚುಕ್ಕೆಯಿಂದ ನೋಟ ಕದಲಿಸಬಾರದು. ಪ್ರತಿ ಬದಲಾವಣೆಗೂ ಮಿದುಳು ಕೊಡುವ ಉತ್ತರ ಬಹಳ ಸಣ್ಣದು, ಒಂದನ್ನೇ ನೋಡಿದರೆ ಬೇರೆ ಅಲೆಗಳ ಗದ್ದಲದಲ್ಲಿ ಕಳೆದುಹೋಗುತ್ತದೆ. ನೂರಕ್ಕೆ ಹತ್ತಿರದಷ್ಟು ಉತ್ತರಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದಾಗ ಪರದೆಯ ಮೇಲೆ ನಿಧಾನವಾಗಿ ಒಂದು ದಿಬ್ಬ ಮೂಡುತ್ತದೆ. ಆರೋಗ್ಯವಂತ ಕಣ್ಣಿನಲ್ಲಿ ಆ ದಿಬ್ಬ ಸುಮಾರು 100 ಮಿಲಿಸೆಕೆಂಡಿಗೆ ಬರುತ್ತದೆ, ಆದ್ದರಿಂದ ಅದಕ್ಕೆ ಪಿ100 ಎಂದು ಹೆಸರು. ನ್ಯೂರೈಟಿಸ್ ಆದ ಕಣ್ಣಿನಲ್ಲಿ 120, 130, ಕೆಲವೊಮ್ಮೆ ಇನ್ನೂ ಆಚೆ. ಲಂಡನ್ನಿನಲ್ಲಿ ಹ್ಯಾಲಿಡೇ, ಮ್ಯಾಕ್‌ಡೊನಾಲ್ಡ್ ಮತ್ತು ಮುಷಿನ್ 1972ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ನೋಟ ಮರಳಿದ ಮೇಲೂ ತಡ ಉಳಿಯುತ್ತದೆ. ಅಕ್ಷರ ಫಲಕ ಕಾಣಿಸದ್ದನ್ನು ಈ ದಿಬ್ಬ ಕಾಣಿಸುತ್ತದೆ.

ಇನ್ನೊಂದು ಪರೀಕ್ಷೆ ಓಸಿಟಿ. ಚುಚ್ಚುವುದಿಲ್ಲ, ಮುಟ್ಟುವುದಿಲ್ಲ, ಗಲ್ಲ ಇಟ್ಟು ಕುಳಿತರೆ ಬೆಳಕಿನಿಂದಲೇ ಅಕ್ಷಿಪಟಲದ ಪದರಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಇದರ ಮಹತ್ವ ಇರುವುದು ಅಂಗರಚನೆಯಲ್ಲಿ. ದೃಷ್ಟಿನರದ ತಂತುಗಳಿಗೆ ಅಕ್ಷಿಪಟಲದೊಳಗೆ ಮಯಲಿನ್ ಹೊದಿಕೆ ಇರುವುದಿಲ್ಲ; ಕಣ್ಣುಗುಡ್ಡೆಯನ್ನು ದಾಟಿ ಹಿಂದೆ ಹೋದ ಮೇಲಷ್ಟೇ ಹೊದಿಕೆ ಶುರು. ಹಾಗಾಗಿ ಆ ಪದರ ತೆಳುವಾದರೆ ಹೊದಿಕೆಯಲ್ಲ, ತಂತುವೇ ಹೋಗಿದೆ ಎಂದರ್ಥ. ವಿಇಪಿ ಹೊದಿಕೆಯ ಕಥೆ ಹೇಳುತ್ತದೆ, ಓಸಿಟಿ ತಂತುವಿನ ಕಥೆ. ಎಂಎಸ್ ಸಂಶೋಧಕರಿಗೆ ಕಣ್ಣು ಇಷ್ಟು ಪ್ರಿಯವಾಗಿರುವುದು ಇದಕ್ಕೇ. ಬೆನ್ನುಹುರಿಯಲ್ಲೋ ಮಿದುಳಿನ ಆಳದಲ್ಲೋ ಈ ಎರಡನ್ನು ಇಷ್ಟು ಬಿಡಿಸಿ ಅಳೆಯುವುದು ಬಹಳ ಕಷ್ಟ. ಎಂಎಸ್ ಪತ್ತೆಯ ಮ್ಯಾಕ್‌ಡೊನಾಲ್ಡ್ ಮಾನದಂಡಗಳ 2024ರ ಪರಿಷ್ಕರಣೆಯಲ್ಲಿ ದೃಷ್ಟಿನರವನ್ನು ರೋಗ ಕಾಣಿಸಿಕೊಳ್ಳುವ ಐದನೆಯ ಜಾಗವಾಗಿ ಸೇರಿಸಿ, ಓಸಿಟಿ ಮತ್ತು ವಿಇಪಿಗೂ ಸಾಕ್ಷಿಯ ಸ್ಥಾನ ಕೊಟ್ಟಿದ್ದಾರೆ. ಅದನ್ನು ಓದಿದ ದಿನ ನನಗೆ ಆದ ಸಂತೋಷವನ್ನು ಮರೆಯಲಾರೆ.

ಒಂದು ಎಚ್ಚರಿಕೆ. ದಾಳಿಯ ಮೊದಲ ವಾರಗಳಲ್ಲಿ ನರ ಊದಿಕೊಂಡು ಪದರ ದಪ್ಪಗೆ ಕಾಣಬಹುದು. ಆಗಿನ ಅಂಕಿಯನ್ನು ನೋಡಿ ನಿರಾಳವಾಗಬಾರದು. ಊತ ಇಳಿದು ನಿಜವಾದ ದಪ್ಪ ತಿಳಿಯಲು ಮೂರರಿಂದ ಆರು ತಿಂಗಳು ಬೇಕು.

ಇನ್ನು ಸೇರುವ ಪ್ರಶ್ನೆ. ಮೊದಲು, ನೀವು ಇಂದು ಪಡೆದ ಚಿಕಿತ್ಸೆಯೇ ಅಪರಿಚಿತರ ಒಪ್ಪಿಗೆಯಿಂದ ಬಂದದ್ದು. ಅಮೆರಿಕದಲ್ಲಿ 1988ರಿಂದ 1991ರ ನಡುವೆ ಆಪ್ಟಿಕ್ ನ್ಯೂರೈಟಿಸ್ ಚಿಕಿತ್ಸಾ ಪ್ರಯೋಗಕ್ಕೆ 457 ಜನ ಸೇರಿದರು. ಕೆಲವರಿಗೆ ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್, ಕೆಲವರಿಗೆ ಸಾಮಾನ್ಯ ಪ್ರಮಾಣದ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಹುಸಿಮಾತ್ರೆ. ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್‌ನಿಂದ ನೋಟ ಬೇಗ ಮರಳಿತು. ಆದರೆ ಆರು ತಿಂಗಳಲ್ಲಿ ಅಕ್ಷರ ಓದುವುದರಲ್ಲಿ ಮೂರು ಗುಂಪುಗಳಿಗೂ ವ್ಯತ್ಯಾಸ ಉಳಿಯಲಿಲ್ಲ. ಯಾರೂ ನಿರೀಕ್ಷಿಸದ ಸಂಗತಿ ಇನ್ನೊಂದು: ಆ ಸಾಮಾನ್ಯ ಪ್ರಮಾಣದ ಮಾತ್ರೆ ನುಂಗಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಯಿತು. ಅಂದಿನವರೆಗೆ ಬಹಳ ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಆ ಮಾತ್ರೆ ಬರೆಯುತ್ತಿದ್ದರು. ಹುಸಿಮಾತ್ರೆ ಪಡೆಯಲು ಒಪ್ಪಿದವರು ಇಲ್ಲದಿದ್ದರೆ ಈ ಸತ್ಯ ಹೊರಬೀಳುತ್ತಲೇ ಇರಲಿಲ್ಲ.

ಅವರನ್ನು ಹದಿನೈದು ವರ್ಷ ಬೆನ್ನುಬಿಡದೆ ಗಮನಿಸಿದರು. ಆರಂಭದ ಎಂಆರ್‌ಐಯಲ್ಲಿ ಮಚ್ಚೆ ಇಲ್ಲದವರಲ್ಲಿ ಶೇ. 25, ಒಂದಾದರೂ ಮಚ್ಚೆ ಇದ್ದವರಲ್ಲಿ ಶೇ. 72 ಮಂದಿಗೆ ಎಂಎಸ್ ಬಂತು. ಈ ಅಂಕಿ ಅಂತರ್ಜಾಲದಲ್ಲಿ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಅದನ್ನು ಓದಿ ಎದೆಗುಂದಬೇಡಿ. ಆ ಜನ ಸೇರಿದಾಗ ಎಂಎಸ್ ತಡೆಯುವ ಔಷಧ ಒಂದೂ ಇರಲಿಲ್ಲ. ಮೊದಲನೆಯ ಇಂಟರ್‌ಫೆರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 1993ರಲ್ಲಿ. ಈಗಿನ ಕಾಲದ ಔಷಧಗಳನ್ನು ಬೇಗ ಶುರುಮಾಡಿದವರ ದಾರಿ ಬೇರೆಯೇ.

ದುರಸ್ತಿಯ ಔಷಧಗಳ ವಿಷಯದಲ್ಲಿ ಮಾತ್ರ ನಿಮಗೆ ದೊಡ್ಡ ಆಸೆ ಹುಟ್ಟಿಸಲಾರೆ. ಒಪಿಸಿನುಮಾಬ್ ಎಂಬ ಪ್ರತಿಕಾಯದ ಮೇಲೆ ತುಂಬ ಭರವಸೆಯಿತ್ತು. ಆಪ್ಟಿಕ್ ನ್ಯೂರೈಟಿಸ್ ಪ್ರಯೋಗದ ಮುಖ್ಯ ಲೆಕ್ಕದಲ್ಲಿ ಗುರಿ ತಲುಪಲಿಲ್ಲ, ಮುಂದಿನ ಎಂಎಸ್ ಪ್ರಯೋಗಗಳಲ್ಲೂ ಸೋತು 2020ರಲ್ಲಿ ಕೈಬಿಟ್ಟರು. ಕ್ಲೆಮಾಸ್ಟಿನ್ ಎಂಬುದು ಅಲರ್ಜಿಯ ಹಳೆಯ ಮಾತ್ರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್‌ಫ್ರಾನ್ಸಿಸ್ಕೊ ತಂಡ ಅದನ್ನು 50 ಎಂಎಸ್ ರೋಗಿಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿತು: ಪಿ100ರ ತಡ ಸರಾಸರಿ 1.7 ಮಿಲಿಸೆಕೆಂಡ್ ಕಡಿಮೆಯಾಯಿತು, ಆಯಾಸ ಹೆಚ್ಚಾಯಿತು. 1.7 ಮಿಲಿಸೆಕೆಂಡ್! ವಯಸ್ಕರ ಮಿದುಳಿನಲ್ಲಿ ಹಳೆಯ ಗಾಯದ ಹೊದಿಕೆಯೂ ಮತ್ತೆ ಬೆಳೆಯಬಹುದು ಎಂಬ ಸುಳಿವಾಗಿ ಅದು ಅಮೂಲ್ಯ. ಬೂದು ಅಕ್ಷರಗಳು ಅದರಿಂದ ಕಪ್ಪಾಗುತ್ತವೆ ಎಂದು ಮಾತ್ರ ಸಾಬೀತಾಗಿಲ್ಲ. ಸುದ್ದಿ ಓದಿ ತಾವೇ ಆ ಮಾತ್ರೆ ಕೊಂಡು ನುಂಗಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರ್ಛೆರೋಗದ ಔಷಧ ಫೆನಿಟಾಯಿನ್ ತಂತುಗಳ ನಷ್ಟವನ್ನು ಸುಮಾರು ಶೇ. 30ರಷ್ಟು ತಗ್ಗಿಸಿತು ಎಂದು 2016ರ ಒಂದು ಸಣ್ಣ ಪ್ರಯೋಗ ಹೇಳಿತು, ಅಲ್ಲೂ ನೋಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಜರ್ಮನಿಯಲ್ಲಿ ಎರಿತ್ರೊಪೊಯೆಟಿನ್ ಪ್ರಯೋಗಿಸಿದರು, ಫಲವಿಲ್ಲ.

ಹಾಗಾದರೆ ಸೇರುವುದೇಕೆ? ಸೇರಿ ಎಂದೇ ನನ್ನ ಅಭಿಪ್ರಾಯ, ನಿಮ್ಮ ಕಣ್ಣು ಸರಿಹೋಗಿಯೇ ತೀರುತ್ತದೆ ಎಂಬ ಲೆಕ್ಕದಲ್ಲಿ ಅಲ್ಲ. ಎಂಎಸ್ ತಡೆಯುವ ನಿಮ್ಮ ನಿತ್ಯದ ಚಿಕಿತ್ಸೆ ಅಧ್ಯಯನಕ್ಕಾಗಿ ನಿಲ್ಲಬಾರದು. ನಿಲ್ಲಿಸಬೇಕು ಎಂದರೆ ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಒಪ್ಪಿಗೆ ಪತ್ರವನ್ನು ಮನೆಗೆ ತಂದು ಓದಿ, ಅಲ್ಲೇ ಕುಳಿತು ಸಹಿ ಹಾಕಬೇಡಿ. ಹುಸಿಮಾತ್ರೆ ಎಷ್ಟು ಜನರಿಗೆ, ಎಷ್ಟು ದಿನ, ತೊಂದರೆಯಾದರೆ ಚಿಕಿತ್ಸೆಯ ಹೊಣೆ ಯಾರದು, ನಡುವೆ ಬಿಟ್ಟರೆ ಏನಾಗುತ್ತದೆ ಎಂದು ಕೇಳಿ. ಬಿಡುವುದು ನಿಮ್ಮ ಹಕ್ಕು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಮಗುವಿನ ಯೋಚನೆಯಿದ್ದರೆ ಮೊದಲೇ ಹೇಳಿ. ಮತ್ತೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ: ಈ ಅಧ್ಯಯನ ಗೆಲುವು ಎಂದು ಯಾವುದನ್ನು ಕರೆಯುತ್ತದೆ? ಮಿಲಿಸೆಕೆಂಡನ್ನೇ, ಮೈಕ್ರಾನನ್ನೇ, ಅಥವಾ ಬೂದು ಫಲಕದಲ್ಲಿ ನೀವು ಓದಿದ ಅಕ್ಷರಗಳನ್ನೂ, ನಿಮ್ಮ ದಿನಚರಿಯ ಬಗ್ಗೆ ನೀವು ಹೇಳಿದ್ದನ್ನೂ ಸೇರಿಸಿಯೇ? ಎರಡನೆಯದನ್ನೂ ಕೇಳುವ ತಂಡ ಸಿಕ್ಕಿದರೆ ಅದು ಒಳ್ಳೆಯ ತಂಡ.

ಸೇರುವ ಮೊದಲೇ ಖಚಿತಪಡಿಸಿಕೊಳ್ಳಬೇಕಾದ ಇನ್ನೊಂದು ಸಂಗತಿಯಿದೆ. ನಿಮ್ಮ ರಕ್ತದಲ್ಲಿ ಅಕ್ವಾಪೊರಿನ್-4 ಮತ್ತು ಮಾಗ್ (MOG) ಎಂಬ ಪ್ರತಿಕಾಯಗಳನ್ನು ನೋಡಿದ್ದಾರೆಯೇ ಎಂದು ವಿಚಾರಿಸಿ. ನ್ಯೂರೊಮೈಲೈಟಿಸ್ ಆಪ್ಟಿಕಾ ಎಂಬ ಬೇರೆ ಕಾಯಿಲೆಯೂ ದೃಷ್ಟಿನರವನ್ನೇ ಹಿಡಿಯುತ್ತದೆ. ಬಹಳ ಕಾಲ ಅದನ್ನು ಎಂಎಸ್‌ನ ಒಂದು ರೂಪವೆಂದೇ ಎಣಿಸಿದ್ದರು. 2004ರಲ್ಲಿ ಅದರ ಪ್ರತಿಕಾಯ (ಈಗ ಅಕ್ವಾಪೊರಿನ್-4 ಪ್ರತಿಕಾಯ ಎನ್ನುವುದು ಅದನ್ನೇ) ಪತ್ತೆಯಾದ ಮೇಲೆ ಎರಡೂ ಬೇರೆ ಎಂದು ಸ್ಪಷ್ಟವಾಯಿತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್‌ನಂಥ ಕೆಲವು ಔಷಧಗಳು ಆ ಕಾಯಿಲೆಯನ್ನು ಕೆರಳಿಸುತ್ತವೆ. ನಿಮ್ಮ ವಿವರ ಎಂಎಸ್‌ಗೇ ಹೊಂದುತ್ತದೆ ಎಂದು ತೋರಿದರೂ, ಕಡತದಲ್ಲಿ ಆ ವರದಿ ಇದೆಯೇ ಎಂದು ಕೇಳಿ ನೋಡಿ. ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಸೇರುವುದೆಂದಾದರೆ, ಮೊದಲ ಪರೀಕ್ಷೆಯ ದಿನ ತಲೆಗೆ ಎಣ್ಣೆ ಹಚ್ಚದೆ ಹೋಗಿ, ಎಲೆಕ್ಟ್ರೋಡ್ ಜಾರುತ್ತದೆ. ಕನ್ನಡಕ ಮರೆಯಬೇಡಿ, ಚೌಕಗಳು ಮಸುಕಾದರೆ ದಿಬ್ಬವೂ ತಡವಾಗಿ, ಇಲ್ಲದ ದೋಷ ಕಾಣಿಸುತ್ತದೆ. ಹಳೆಯ ಓಸಿಟಿ ಮುದ್ರಿಕೆಗಳನ್ನೆಲ್ಲ ಜೊತೆಗೆ ಕೊಂಡೊಯ್ಯಿರಿ. ಸಂಜೆಯ ಮೆಟ್ಟಿಲು, ಬಣ್ಣಗೆಟ್ಟ ಕೆಂಪು, ಕೈತಪ್ಪಿದ ಚೆಂಡು, ಇವನ್ನು ಒಂದು ಚೀಟಿಯಲ್ಲಿ ಬರೆದು ತಂತ್ರಜ್ಞರ ಕೈಗೆ ಕೊಡಿ. ಆ ಚೌಕಗಳನ್ನೇ ನೋಡುತ್ತ ಕುಳಿತರೆ ಎಂಥವರಿಗೂ ತೂಕಡಿಕೆ ಬರುತ್ತದೆ. ಬಂದರೆ ಸಂಕೋಚಪಡದೆ ಹೇಳಿ, ನಿಲ್ಲಿಸಿ ಮೊದಲಿನಿಂದ ಮಾಡುತ್ತಾರೆ.